ಎಡಕ್ಕೆ ಅಂಟಿಕೊಳ್ಳಬೇಡಿ

ಬೆಂಗಳೂರಿನಲ್ಲಿ ಸೈಕಲ್ ಬಗ್ಗೆ ಕಾಣುವ ಪೋಸ್ಟರ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹಸಿರು ಬಣ್ಣ, ಒಂದು ಎಲೆ, ಎಲೆಯೊಳಗೆ ಭೂಮಿ, ಕೆಳಗೆ 'ಸೈಕಲ್ ತುಳಿಯಿರಿ, ಪರಿಸರ ಉಳಿಸಿ'. ಇನ್ನೊಂದು ಥರದ್ದೂ ಇದೆ. ಅದರಲ್ಲಿ ಹೆಲ್ಮೆಟ್ ಹಾಕಿದ ಮಗು, ಪಕ್ಕದಲ್ಲಿ 'ಎಚ್ಚರಿಕೆಯಿಂದ ಚಲಾಯಿಸಿ'. ಇವೆರಡನ್ನು ನೋಡಿ ಯಾರಾದರೂ ಬಾಲ್ಕನಿಯಲ್ಲಿ ಧೂಳು ತಿನ್ನುತ್ತಿದ್ದ ಸೈಕಲ್ ಕೆಳಗಿಳಿಸಿದ್ದಾರೆ ಅಂದರೆ ನಾನಂತೂ ನಂಬಲ್ಲ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದನ್ನೇ ಹೇಳುತ್ತದೆ. ಎರಡನೆಯದು ಆಗಲೇ ಇರುವ ಹೆದರಿಕೆಗೆ ಇನ್ನೊಂದಿಷ್ಟು ಸೇರಿಸುತ್ತದೆ.

ನಾನಿರುವುದು ಬನಶಂಕರಿ ಎರಡನೇ ಹಂತದ ಕಡೆ. ತರಕಾರಿ, ಬ್ಯಾಂಕು, ಔಷಧಿ ಅಂಗಡಿ, ಲೈಬ್ರರಿ, ಎಲ್ಲದಕ್ಕೂ ಸೈಕಲ್ಲೇ. ಗೇರಿಲ್ಲದ ಲೇಡೀಸ್ ಸೈಕಲ್, ಮುಂದೆ ಬುಟ್ಟಿ, ಚೂಡಿದಾರ್ ಸಿಕ್ಕಿಕೊಳ್ಳದ ಹಾಗೆ ಚೈನಿಗೆ ಪೂರ್ತಿ ಕವರ್. ಹೋದ ವರ್ಷ ನಮ್ಮ ಬೀದಿಯ ಮತ್ತು ಹಿಂದಿನ ಕ್ರಾಸಿನ ಕೆಲವರು ಸೇರಿ ಸೈಕಲ್ ಪೋಸ್ಟರ್ ಮಾಡೋಣ ಅಂತ ಹೊರಟೆವು. ಸಂಘ ಗಿಂಘ ಅಂತೇನೂ ಇಲ್ಲ, ಒಂದು ವಾಟ್ಸಾಪ್ ಗುಂಪು ಅಷ್ಟೆ. ಒಬ್ಬರು ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರು, ಒಬ್ಬ ಇಂಜಿನಿಯರಿಂಗ್ ಓದುವ ಹುಡುಗ, ಮನೆಯಲ್ಲಿ ಟ್ಯೂಷನ್ ಮಾಡುವ ಒಬ್ಬ ಮೇಡಂ, ನಾನು, ಇನ್ನೂ ಒಂದಿಬ್ಬರು. ದುಡ್ಡು ನಾವೇ ಹಾಕಿಕೊಂಡೆವು. ಮೊದಲ ಸಲ ಕೂತಾಗಲೇ ಒಂದು ಮಾತು ಖಚಿತ ಮಾಡಿಕೊಂಡೆವು. ಎಲೆ ಬೇಡ, ಭೂಮಿ ಬೇಡ. ಸೈಕಲ್ ಹತ್ತಿದವರು ರಸ್ತೆಯಲ್ಲಿ ಎಲ್ಲಿರಬೇಕು ಅನ್ನುವುದನ್ನು ಮಾತ್ರ ಹೇಳೋಣ.

ಜನ ಯಾಕೆ ಸೈಕಲ್ ತುಳಿಯಲ್ಲ ಅಂತ ಕೇಳಿದರೆ ಉತ್ತರಗಳು ರೆಡಿ ಇರುತ್ತವೆ. ಸೋಮಾರಿತನ, ಸ್ಟೇಟಸ್ಸು, ಬಿಸಿಲು, ಮಳೆ, ಬೆವರು. ನನಗೆ ಇದ್ಯಾವುದೂ ಪೂರ್ತಿ ಸರಿ ಅನ್ನಿಸಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಆಡಳಿತದಲ್ಲಿ ಸೈಕಲ್ ವಿಷಯ ನೋಡಿಕೊಳ್ಳುತ್ತಿದ್ದ ರೋಜರ್ ಗೆಲ್ಲರ್ ಅನ್ನುವವರು 2006ರಲ್ಲಿ ತಮ್ಮ ಊರಿನ ಜನರನ್ನು ನಾಲ್ಕು ಗುಂಪು ಮಾಡಿ ಒಂದು ಅಂದಾಜು ಬರೆದಿದ್ದರು. ಎಂಥ ರಸ್ತೆಗಾದರೂ ನುಗ್ಗುವವರು ಶೇ. 1ಕ್ಕಿಂತ ಕಡಿಮೆ. ಸ್ವಲ್ಪ ಅನುಕೂಲ ಇದ್ದರೆ ಆರಾಮಾಗಿ ಓಡಿಸುವವರು ಶೇ. 7ರಷ್ಟು. ಏನು ಮಾಡಿದರೂ ಸೈಕಲ್ ತಂಟೆಗೆ ಬರದವರು ಶೇ. 33ರಷ್ಟು. ಉಳಿದ ಶೇ. 60 ಜನಕ್ಕೆ ಆಸೆಯೂ ಇದೆ, ಭಯವೂ ಇದೆ. ನಮ್ಮೂರಿನ ಲೆಕ್ಕ ಬೇರೆ ಇರಬಹುದು. ಆದರೆ ಆ ಆಸೆ ಮತ್ತು ಭಯದ ಗುಂಪನ್ನು ನೋಡಬೇಕಿದ್ದರೆ ಬೆಂಗಳೂರಿನಲ್ಲಿ 2013ರಿಂದ ನಡೆದ ಸೈಕಲ್ ಡೇ ನೆನಪು ಮಾಡಿಕೊಳ್ಳಿ. ಭಾನುವಾರ ಬೆಳಗ್ಗೆ ಒಂದಿಷ್ಟು ಹೊತ್ತು ರಸ್ತೆ ಮುಚ್ಚಿದರೆ ಸಾಕು, ಅಜ್ಜಿಯಿಂದ ಮೊಮ್ಮಗಳ ತನಕ ಎಲ್ಲರೂ ಬೀದಿಗೆ ಬರುತ್ತಿದ್ದರು. ಅದೇ ಜನ ಸೋಮವಾರ ಸ್ಕೂಟಿ ಹತ್ತುತ್ತಿದ್ದರು. ಒಂದು ರಾತ್ರಿಯಲ್ಲಿ ಯಾರಿಗೂ ಸೋಮಾರಿತನ ಬರಲ್ಲ ಅಲ್ವಾ?

ನಮ್ಮ ಬೀದಿಯ ಟೈಲರಿಂಗ್ ಅಂಗಡಿಯಲ್ಲಿ ನಾಗಮಂಗಲ ಕಡೆಯ ಒಬ್ಬಳು ಕೆಲಸ ಮಾಡುತ್ತಾಳೆ. ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಅದರ ಮೊದಲ ಕೆಲವು ಬ್ಯಾಚಿನಲ್ಲಿ ಸೈಕಲ್ ಸಿಕ್ಕ ಹುಡುಗಿ. ಕೆರೆ ಏರಿ ಮೇಲೆ, ಹಿಂದೆ ಕ್ಯಾರಿಯರ್‌ನಲ್ಲಿ ತಂಗಿಯನ್ನು ಕೂರಿಸಿಕೊಂಡು ಹೈಸ್ಕೂಲಿಗೆ ಹೋಗಿಬರುತ್ತಿದ್ದವಳು. ಕಬ್ಬಿನ ಲಾರಿ ಎದುರು ಬಂದರೂ ಇಳಿಯುತ್ತಿರಲಿಲ್ಲವಂತೆ. ಬೆಂಗಳೂರಿಗೆ ಮದುವೆಯಾಗಿ ಬಂದ ಮೇಲೆ ಸೈಕಲ್ ಮುಟ್ಟಿಲ್ಲ. ರೂಮಿನಿಂದ ಅಂಗಡಿಗೆ ನಡೆಯುತ್ತಾಳೆ, ತಡವಾದರೆ ಆಟೋ. ಯಾಕೆ ಅಂತ ಕೇಳಿದೆ. "ಅಲ್ಲಿ ಬಸ್ ಡ್ರೈವರ್‌ಗೂ ನಾನ್ಯಾರ ಮಗಳು ಅಂತ ಗೊತ್ತಿರ್ತಿತ್ತು ಅಕ್ಕ. ಇಲ್ಲಿ ಯಾರಿಗೆ ಗೊತ್ತು?" ಅಂದಳು.

ಈ ಮಾತು ನನ್ನ ತಲೆಯಲ್ಲಿ ಬಹಳ ದಿನ ಕೊರೆಯಿತು. ಅವಳಿಗೆ ಸೈಕಲ್ ಮರೆತಿಲ್ಲ. ಬ್ಯಾಲೆನ್ಸ್ ಇದೆ, ಕಾಲಲ್ಲಿ ಶಕ್ತಿ ಇದೆ, ಧೈರ್ಯಕ್ಕೂ ಏನೂ ಕಡಿಮೆ ಇಲ್ಲ. ಊರಿನಲ್ಲಿ ಎದುರಿಗೆ ಬಂದವರು ಏನು ಮಾಡುತ್ತಾರೆ ಅಂತ ಅವಳಿಗೆ ಗೊತ್ತಿತ್ತು, ಅವಳು ಏನು ಮಾಡುತ್ತಾಳೆ ಅಂತ ಅವರಿಗೂ ಗೊತ್ತಿತ್ತು. ಇಲ್ಲಿ ಎರಡೂ ಗೊತ್ತಿಲ್ಲ. ಹಾಗಿರುವಾಗ 'ಹೆದರಬೇಡಿ' ಅಂತ ಪೋಸ್ಟರ್ ಅಂಟಿಸಿದರೆ ಅದು ಅವಳನ್ನು ಹಂಗಿಸಿದ ಹಾಗೆ. ಗೊತ್ತಿಲ್ಲದ್ದನ್ನು ಇಬ್ಬರಿಗೂ ತಿಳಿಸಬೇಕು. ಸೈಕಲ್‌ನವರಿಗೆ ಒಂದು ಮಾತು, ಕಾರಿನವರಿಗೆ ಒಂದು ಮಾತು.

ಸೈಕಲ್‌ನವರಿಗೆ ಹೇಳಬೇಕಾದ ಮೊದಲ ಮಾತೇ ನಮ್ಮಲ್ಲಿ ಜಗಳ ಹಚ್ಚಿತು.

ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟಿರುವುದು ಒಂದೇ. ಎಡಕ್ಕೆ ಹೋಗು, ಇನ್ನೂ ಎಡಕ್ಕೆ, ಪೂರ್ತಿ ಅಂಚಿಗೆ. ಆ ಅಂಚಿನಲ್ಲಿ ಏನೇನಿದೆ ಅಂತ ಒಮ್ಮೆ ನಿಂತು ನೋಡಿ. ನಮ್ಮ ಮುಖ್ಯರಸ್ತೆಯನ್ನೇ ತೆಗೆದುಕೊಳ್ಳಿ. ಮಳೆನೀರು ಇಳಿಯುವ ಜಾಲರಿ, ಅದರ ಕಂಬಿಗಳು ರಸ್ತೆಯ ಉದ್ದಕ್ಕೇ ಇವೆ, ಸೈಕಲ್ ಚಕ್ರ ಸಲೀಸಾಗಿ ಒಳಗೆ ಇಳಿಯುತ್ತದೆ. ಅದರ ಮುಂದೆ ಮನೆ ಕಟ್ಟುವವರು ಸುರಿದ ಎಂ-ಸ್ಯಾಂಡ್. ಅದರ ಮುಂದೆ ಎಳನೀರು ಗಾಡಿ. ಆಮೇಲೆ ಸಾಲಾಗಿ ನಿಲ್ಲಿಸಿದ ಕಾರುಗಳು, ಯಾವುದರ ಬಾಗಿಲು ಯಾವಾಗ ತೆರೆದು ಅಡ್ಡ ಬರುತ್ತದೋ ಗೊತ್ತಿಲ್ಲ. ಎದುರಿನಿಂದ ರಾಂಗ್ ಸೈಡಿನಲ್ಲಿ, 'ಇಲ್ಲೇ ಪಕ್ಕದ ಕ್ರಾಸಿಗೆ' ಅಂತ ಬರುವ ಸ್ಕೂಟರ್. ಅಂಚಿನಲ್ಲಿ ಹೋಗುವವರು ನೇರವಾಗಿ ಹೋಗಲು ಆಗುವುದೇ ಇಲ್ಲ. ಒಳಗೆ, ಹೊರಗೆ, ಒಳಗೆ, ಹೊರಗೆ ಅಂತ ಹಾವಿನ ಹಾಗೆ ಹರಿಯಬೇಕು. ಹಿಂದಿನ ಕಾರಿನವರಿಗೆ ಇವರು ಯಾವಾಗ ಹೊರಗೆ ಬರುತ್ತಾರೆ ಅಂತ ಗೊತ್ತಾಗಲ್ಲ. ಬಹಳಷ್ಟು ಸಲ ಪೆಟ್ಟು ಬೀಳುವುದು ಆ ಹೊರಗೆ ಬರುವ ಗಳಿಗೆಯಲ್ಲೇ.

ಇಂಜಿನಿಯರಿಂಗ್ ಹುಡುಗ ನಮ್ಮ ಪಾರ್ಕಿಂಗ್ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ತೋರಿಸಿದ. ಒಂದು ಲೇನ್ ಅಂದರೆ 3.5 ಮೀಟರ್. ಸೈಕಲ್ ಹ್ಯಾಂಡಲ್ ಸುಮಾರು 60 ಸೆಂಟಿಮೀಟರ್. ಅಂಚಿನಿಂದ ಒಂದಡಿ ಬಿಟ್ಟು ಸೈಕಲ್ ನಿಲ್ಲಿಸಿದರೆ ಬಲಗಡೆ ಉಳಿಯುವುದು 2.6 ಮೀಟರ್. ಕನ್ನಡಿ ಸೇರಿ ಕಾರಿನ ಅಗಲ ಹತ್ತಿರ ಹತ್ತಿರ 2 ಮೀಟರ್. ಅಂದರೆ ಡ್ರೈವರ್ ಕಣ್ಣಿಗೆ ಜಾಗ ಇದೆ. ನುಗ್ಗುತ್ತಾನೆ. ಕನ್ನಡಿ ಮೊಣಕೈ ಪಕ್ಕ ಹಾದುಹೋಗುತ್ತದೆ. ಈಗ ಸೈಕಲ್ಲನ್ನು ಅಂಚಿನಿಂದ ಒಂದೂವರೆ ಮೀಟರ್‌ಗೆ ತಂದ. ಬಲಗಡೆ ಉಳಿದದ್ದು 1.4 ಮೀಟರ್. ಕಾರು ಹಿಡಿಸಲ್ಲ. ಹಿಡಿಸಲ್ಲ ಅಂತ ದೂರದಿಂದಲೇ ಕಾಣುತ್ತದೆ, ಹಾಗಾಗಿ ಡ್ರೈವರ್ ಪಕ್ಕದ ಲೇನಿಗೆ ಹೋಗುತ್ತಾನೆ, ಇಲ್ಲಾಂದ್ರೆ ಹಿಂದೆ ಕಾಯುತ್ತಾನೆ. ಹಾರನ್ ಹೊಡೆಯುತ್ತಾನೆ, ಅದು ಬೇರೆ ವಿಷಯ. ಹಾರನ್ ಹೊಡೆದ ಅಂದರೆ ನಾವು ಅವನಿಗೆ ಕಂಡಿದ್ದೇವೆ ಅಂತ ತಾನೇ ಅರ್ಥ.

ಮೇಷ್ಟ್ರು ಮಾತ್ರ ಚಾಕ್ ಗೆರೆ ಮೇಲೆ ಕೈಕಟ್ಟಿ ನಿಂತು, "ಇದು ಲೆಕ್ಕ ಅಪ್ಪಾ, ಕನಕಪುರ ರಸ್ತೆಯಲ್ಲಿ ಮಾಡಿ ತೋರಿಸು ನೋಡೋಣ" ಅಂದರು. ಅವರ ಮಾತಿನಲ್ಲಿ ಸತ್ಯ ಇದೆ. ರಸ್ತೆಯಲ್ಲಿ ಜಾಗ ಹಿಡಿದು ಓಡಿಸಿ ಅನ್ನುವ ವಾದಕ್ಕೆ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಫಾರೆಸ್ಟರ್ ಅನ್ನುವ ಇಂಜಿನಿಯರ್ ದೊಡ್ಡ ದನಿ ಕೊಟ್ಟರು. ಸೈಕಲ್ಲೂ ಒಂದು ವಾಹನ, ವಾಹನದ ಹಾಗೇ ಓಡಿಸಿ ಅಂದರು. ಆದರೆ ಅವರು ಅಲ್ಲಿಗೇ ನಿಲ್ಲದೆ ಪ್ರತ್ಯೇಕ ಸೈಕಲ್ ಪಥಗಳೇ ಬೇಡ ಅಂತ ಜೀವನಪೂರ್ತಿ ಹೋರಾಡಿದರು. ನನಗೆ ಅವರ ಮೊದಲರ್ಧ ಬೇಕು, ಎರಡನೆಯ ಅರ್ಧ ಖಂಡಿತ ಬೇಡ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ತೆವಳುವ ನಮ್ಮ ಕ್ರಾಸು, ಮೇನುಗಳಲ್ಲಿ ಜಾಗ ಹಿಡಿಯುವುದು ಒಂದು. 60-70ರಲ್ಲಿ ಟಿಪ್ಪರ್ ಲಾರಿ ಬರುವ ರಸ್ತೆಯಲ್ಲಿ ಮಧ್ಯ ಹೋಗು ಅನ್ನುವುದು ಇನ್ನೊಂದು. ಅದನ್ನು ನನ್ನ ಮಗಳಿಗೆ ಹೇಳಲ್ಲ, ಬೇರೆಯವರ ಮಕ್ಕಳಿಗೂ ಹೇಳಲ್ಲ. ಹಾಗಾಗಿ ಪೋಸ್ಟರ್‌ನಲ್ಲಿ ನಮ್ಮ ಏರಿಯಾದ ರಸ್ತೆಗಳ ನಕ್ಷೆಯನ್ನೇ ಹಾಕಿದೆವು. ಯಾವ ರಸ್ತೆಯಲ್ಲಿ ಆರಾಮು, ಯಾವುದರಲ್ಲಿ ಬೇಡ, ಅದಕ್ಕೆ ಬದಲಿ ಒಳದಾರಿ ಯಾವುದು. ಮೇಷ್ಟ್ರೇ ಬರೆದುಕೊಟ್ಟರು. ದೇವಸ್ಥಾನ, ಹಾಲಿನ ಬೂತ್, ದೊಡ್ಡ ಹೊಂಗೆ ಮರ, ಎಲ್ಲ ಗುರುತು ಸಮೇತ.

ಈಗ ಕಾರಿನವರ ಕಡೆಯ ಮಾತು. ಇಲ್ಲಿ ಪದ ಎಚ್ಚರಿಕೆಯಿಂದ ಆರಿಸಬೇಕು ಅನ್ನುವುದಕ್ಕೆ ಅಮೆರಿಕದ್ದೇ ಒಂದು ಅಧ್ಯಯನ ಇದೆ. ಅಲ್ಲಿ ಆಗ ಎರಡು ಥರದ ಫಲಕಗಳು ಬಳಕೆಯಲ್ಲಿದ್ದವು. ಒಂದು 'ರಸ್ತೆ ಹಂಚಿಕೊಳ್ಳಿ' ಅನ್ನುವುದು. ಇನ್ನೊಂದು 'ಸೈಕಲ್‌ಗಳು ಪೂರ್ತಿ ಲೇನ್ ಬಳಸಬಹುದು' ಅನ್ನುವುದು. ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯ ಇಬ್ಬರು ಸಂಶೋಧಕರು 2015ರಲ್ಲಿ ಇವುಗಳನ್ನು ಜನರಿಗೆ ತೋರಿಸಿ ಪ್ರಶ್ನೆ ಕೇಳಿ ನೋಡಿದರು. 'ಹಂಚಿಕೊಳ್ಳಿ' ಫಲಕ ನೋಡಿದವರ ಉತ್ತರಕ್ಕೂ ಯಾವ ಫಲಕವನ್ನೂ ನೋಡದವರ ಉತ್ತರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡನೇ ಫಲಕ ನೋಡಿದವರಿಗೆ ಮಾತ್ರ ಸೈಕಲ್ ಲೇನಿನ ಮಧ್ಯೆ ಇರಬಹುದು, ತಾವು ಪಕ್ಕದ ಲೇನಿಗೆ ಹೋಗಿ ದಾಟಬೇಕು ಅನ್ನುವುದು ಹೆಚ್ಚು ತಲೆಗೆ ಹೋಗಿತ್ತು. ಹಂಚಿಕೊಳ್ಳಿ ಅಂದರೆ ಕಾರಿನವನು 'ಹೌದು, ನೀನು ಸರಿದು ನನಗೆ ಹಂಚು' ಅಂದುಕೊಳ್ಳುತ್ತಾನೆ. ನಮ್ಮ ಕಡೆ ಅಣ್ಣತಮ್ಮಂದಿರ ಜಮೀನು ಪಾಲಾಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೆ ನಾವು ದಯವಿಟ್ಟು, ಸಹಕರಿಸಿ, ಗೌರವಿಸಿ ಅನ್ನುವುದನ್ನೆಲ್ಲ ಹೊಡೆದುಹಾಕಿದೆವು. ಕೊನೆಗೆ ಉಳಿದ ಒಂದು ಸಾಲು ಇದು: 'ನಾನು ಮಧ್ಯಕ್ಕೆ ಬರುವುದು ಸೊಕ್ಕಿಗಲ್ಲ. ನಿಮ್ಮ ಕಾರಿನ ಬಾಗಿಲಿಗೆ ಹೆದರಿ.' ಇನ್ನೊಂದು, ಬರೀ ಪಾರ್ಕಿಂಗ್ ಜಾಗಗಳಿಗೆ: 'ಬಲಗಡೆ ಬಾಗಿಲು. ಎಡಗೈಯಲ್ಲಿ ತೆಗೆಯಿರಿ.' ಈ ಎರಡನೆಯದನ್ನು ಕಾರಿರುವವರು ಈಗಲೇ ಕೂತಲ್ಲೇ ಮಾಡಿ ನೋಡಬಹುದು. ಸ್ಟೀರಿಂಗ್ ಹಿಡಿದು ಕೂತ ಹಾಗೆ ಕೂತು ಎಡಗೈಯನ್ನು ಬಲಗಡೆ ಬಾಗಿಲಿನ ಹಿಡಿಗೆ ಚಾಚಿ. ಭುಜ ತಾನಾಗೇ ತಿರುಗುತ್ತದೆ, ಕುತ್ತಿಗೆ ತಾನಾಗೇ ಹಿಂದಕ್ಕೆ ಹೊರಳುತ್ತದೆ, ಹಿಂದಿನಿಂದ ಬರುತ್ತಿರುವ ಸೈಕಲ್ ಕಾಣುತ್ತದೆ. ಕ್ಯಾಬಿನಲ್ಲಿ ಹಿಂದೆ ಎಡಗಡೆ ಕೂತವರು ಬಲಗೈ ಬಳಸಬೇಕು. ಬ್ರಿಟನ್ನಿನ ಹೆದ್ದಾರಿ ನಿಯಮಾವಳಿಯಲ್ಲಿ 2022ರ ಜನವರಿಯಲ್ಲಿ ಈ ವಿಧಾನ ಸೇರಿಸಿದರು. ಅದೇ ತಿದ್ದುಪಡಿಯಲ್ಲಿ, ನಿಧಾನದ ರಸ್ತೆಗಳಲ್ಲಿ ಸೈಕಲ್ ಸವಾರರು ಲೇನಿನ ಮಧ್ಯದಲ್ಲಿ ಹೋಗಬಹುದು ಅಂತಲೂ ಬರೆದರು. ನಮ್ಮ ಪಾರ್ಕಿಂಗ್‌ನಲ್ಲಿ ಆ ಪೋಸ್ಟರನ್ನು ಡ್ರೈವರ್ ಸೀಟಿನ ಎದುರಿಗೇ ಬರುವ ಹಾಗೆ ಕಂಬಕ್ಕೆ ಹಾಕಿದ್ದೇವೆ. ಕಾರು ನಿಲ್ಲಿಸಿದ ಕೂಡಲೇ ಕಣ್ಣಿಗೆ ಬೀಳಬೇಕು, ಬಾಗಿಲು ತೆಗೆದ ಮೇಲೆ ಓದಿದರೆ ಏನು ಬಂತು?

ಚಿತ್ರಕ್ಕೆ ಯಾರನ್ನು ಹಾಕುವುದು ಅನ್ನುವುದು ಇನ್ನೊಂದು ಚರ್ಚೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಫೋಟೋಗಳಲ್ಲಿ ಎಲ್ಲರೂ ಬಿಳಿಯರು, ಮೈಗಂಟಿದ ಬಟ್ಟೆ, ಲಕ್ಷ ರೂಪಾಯಿಯ ಸೈಕಲ್. ನಮ್ಮ ಏರಿಯಾದಲ್ಲಿ ದಿನಾ ಸೈಕಲ್ ತುಳಿಯುವವರು ಯಾರು? ಪೇಪರ್ ಹಾಕುವ ಹುಡುಗರು, ವಾಚ್‌ಮನ್‌ಗಳು, ತೋಟದ ಕೆಲಸದವರು, ಹೋಟೆಲಿನ ಸಪ್ಲೈಯರ್‌ಗಳು, ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರುವವರು. ಇವರಿಗೆ ಯಾವ ಪೋಸ್ಟರೂ ಬೇಕಾಗಿಲ್ಲ. ನಮಗೇ ಇವರು ಬೇಕು. ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್ ಹತ್ತಿರ ಫೋಟೋ ಕೇಳಿದಾಗ ಅವರು ನಕ್ಕುಬಿಟ್ಟರು. "ನನ್ನ ಫೋಟೋ ಯಾಕೆ ಮೇಡಂ? ಗೇರ್ ಸೈಕಲ್ ಸಾರ್‌ಗಳು ಬೇಕಾದಷ್ಟು ಜನ ಇದ್ದಾರಲ್ಲ." ನಾನು ಬಿಡಲಿಲ್ಲ. ಮಾತಿಗೆ ಮಾತು ಬಂದು, ನಿಂತ ಕಾರುಗಳ ಪಕ್ಕ ಹೇಗೆ ಹೋಗುತ್ತೀರಿ ಅಂತ ಕೇಳಿದೆ. ನನ್ನನ್ನು ಗೇಟಿನಿಂದ ಹೊರಗೆ ಕರೆದುಕೊಂಡು ಹೋಗಿ ಸಾಲು ಕಾರುಗಳನ್ನು ತೋರಿಸಿದರು. "ಹಿಂದಿನ ಗಾಜಲ್ಲಿ ತಲೆ ಕಾಣ್ತಾ ನೋಡ್ಬೇಕು ಮೇಡಂ. ತಲೆ ಇದ್ರೆ ಬಾಗಿಲು ತೆಗೀತಾರೆ. ತಲೆ ಇದ್ದು ಮುಂದಿನ ಚಕ್ರ ಬಲಕ್ಕೆ ತಿರುಗಿದ್ರೆ ಗಾಡಿ ಈಚೆಗೆ ಬರತ್ತೆ. ನೀವು ಹ್ಯಾಂಡಲ್ ನೋಡ್ಕೊಂಡು ಹೋಗ್ತೀರ, ಅದಕ್ಕೇ ಭಯ." ಮೂವತ್ತು ವರ್ಷ ಬೆಂಗಳೂರು ರಸ್ತೆಯಲ್ಲಿ ಬದುಕಿ ಉಳಿದವರ ವಿದ್ಯೆ ಅದು. ಅವರ ಮಾತನ್ನೇ ತೆಗೆದು ಮೂರನೇ ಪೋಸ್ಟರ್ ಮಾಡಿದೆವು. 'ತಲೆ ಕಾಣ್ತಾ? ದೂರ ಹೋಗಿ.' ಚಿತ್ರದಲ್ಲಿ ಅವರೇ, ಖಾಕಿ ಅಂಗಿ, ಕ್ಯಾರಿಯರ್‌ಗೆ ಸಿಕ್ಕಿಸಿದ ಊಟದ ಡಬ್ಬಿ.

ಪ್ರಿಂಟಿಂಗ್ ಕಥೆ ಚುಟುಕಾಗಿ ಹೇಳುತ್ತೇನೆ. ಕನ್ನಡದಲ್ಲಿ ಏನನ್ನಾದರೂ ಅಚ್ಚು ಹಾಕಿಸಿದವರಿಗೆಲ್ಲ ಇದು ಗೊತ್ತು. ಮನೆಯ ಕಂಪ್ಯೂಟರ್‌ನಲ್ಲಿ ಮುದ್ದಾಗಿ ಕಂಡ ಅಕ್ಷರ, ಅಂಗಡಿಯ ಹಳೇ ಸಾಫ್ಟ್‌ವೇರ್‌ನಲ್ಲಿ ತೆರೆದ ಕೂಡಲೇ ಒತ್ತಕ್ಷರಗಳೆಲ್ಲ ಕಿತ್ತುಕೊಂಡು ಪಕ್ಕಕ್ಕೆ ಹೋಗಿ ಕೂತವು. 'ಸೊಕ್ಕಿಗಲ್ಲ' ಅನ್ನುವುದನ್ನು ಓದಲು ಜ್ಯೋತಿಷಿಯೇ ಬರಬೇಕಿತ್ತು. ಅಂಗಡಿ ಹುಡುಗ "ಇಂಗ್ಲಿಷಲ್ಲಿ ಹಾಕ್ಬಿಡಿ ಮೇಡಂ, ತಲೆನೋವೇ ಇಲ್ಲ" ಅಂದ. ಬೇಡಪ್ಪ ಅಂದು, ಅಕ್ಷರಗಳನ್ನೆಲ್ಲ ಚಿತ್ರವಾಗಿ ಬದಲಿಸಿ ಕೊಟ್ಟೆವು. ಎ3 ಅಳತೆ, ಕಾಗದ. ಫ್ಲೆಕ್ಸ್ ಬೇಡ ಅನ್ನುವುದು ಮೊದಲೇ ತೀರ್ಮಾನ ಆಗಿತ್ತು, ಪ್ಲಾಸ್ಟಿಕ್ ನಿಷೇಧದ 2016ರ ಆದೇಶದಲ್ಲೇ ಫ್ಲೆಕ್ಸ್ ಕೂಡ ಇದೆ.

ಎಲ್ಲಿ ಅಂಟಿಸುವುದು ಅನ್ನುವುದಕ್ಕೂ ಕಾನೂನಿದೆ. ಸಾರ್ವಜನಿಕ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯುವ 1981ರ ಕಾಯ್ದೆ ಪ್ರಕಾರ ಗೋಡೆ, ಕಂಬ, ಮರದ ಮೇಲೆಲ್ಲ ಸುಮ್ನೆ ಅಂಟಿಸುವ ಹಾಗಿಲ್ಲ. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ನಗರದ ಫ್ಲೆಕ್ಸುಗಳನ್ನೆಲ್ಲ ರಾತ್ರೋರಾತ್ರಿ ಕಿತ್ತದ್ದು ನೆನಪಿರಬಹುದು. ನಮ್ಮ ಪುಣ್ಯ, ಈ ಕಾನೂನಿನಿಂದ ಪೋಸ್ಟರ್‌ಗೆ ಒಳ್ಳೆಯದೇ ಆಯಿತು. ರಸ್ತೆ ಕಂಬದ ಪೋಸ್ಟರನ್ನು ಯಾರು ಓದುತ್ತಾರೆ? ನಾವು ಒಬ್ಬೊಬ್ಬರ ಹತ್ತಿರ ಕೇಳಿಕೊಂಡು ಅವರವರ ಜಾಗದೊಳಗೆ ಹಾಕಿದೆವು. ಅಪಾರ್ಟ್‌ಮೆಂಟಿನ ಲಿಫ್ಟ್, ಟ್ಯೂಷನ್ ಮನೆಯ ಚಪ್ಪಲಿ ಬಿಡುವ ಜಾಗ, ಇಸ್ತ್ರಿ ಗಾಡಿ, ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕಾಯುವ ಬೆಂಚಿನ ಎದುರು. ಎಲ್ಲಕ್ಕಿಂತ ಲಿಫ್ಟ್ ವಾಸಿ. ಅಲ್ಲಿ ಅರ್ಧ ನಿಮಿಷ ಯಾರಿಗೂ ನೋಡಲು ಬೇರೇನೂ ಇರಲ್ಲ, ಮೊಬೈಲಿಗೆ ಸಿಗ್ನಲ್ಲೂ ಬರಲ್ಲ.

ಕೇಳಿಕೊಂಡು ಹಾಕುವುದರಲ್ಲಿ ಇನ್ನೊಂದು ಲಾಭ, ಕೇಳಿದ ಕಡೆಯಲ್ಲೆಲ್ಲ ಮಾತು ಹುಟ್ಟುತ್ತದೆ. ಸೈಕಲ್ ಅಂಗಡಿ ಅಣ್ಣ ಪೋಸ್ಟರನ್ನು ಎರಡು ಸಲ ಓದಿ, "ಮಧ್ಯದಲ್ಲಿ ಹೋಗಿ ಅಂತ ಹಾಕಿದೀರಲ್ಲ ಮೇಡಂ, ಯಾರಿಗಾದ್ರೂ ಏನಾದ್ರೂ ಆದ್ರೆ ನನ್ನ ಅಂಗಡಿ ಮೇಲೆ ಬರತ್ತೆ" ಅಂದರು. ಆಮೇಲೆ ಒಂದು ಬಗ್ಗಿದ ರಿಮ್ ತೋರಿಸಿ, ಇದು ಜಾಲರಿಗೆ ಇಳಿದದ್ದು, ಎಡಕ್ಕೆ ಹೋಗಿದ್ದಕ್ಕೇ ಆಯ್ತು ಅಂತ ಅವರೇ ಹೇಳಿ ಅಂಟಿಸಿಕೊಂಡರು. ನಮ್ಮದೇ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಒಬ್ಬರು ಎದ್ದು ನಿಂತು, ರಸ್ತೆ ತೆರಿಗೆ ಕಟ್ಟುವವರು ನಾವು, ಸೈಕಲ್‌ನವರು ಮಧ್ಯ ಬರುವುದಕ್ಕೆ ರಸ್ತೆ ಏನು ಅವರಪ್ಪನದಾ ಅಂತ ಕೇಳಿದರು. ಟ್ಯೂಷನ್ ಮೇಡಂ ತಣ್ಣಗೆ, "ಸಾರ್, ನಿಮ್ಮ ಮೊಮ್ಮಗ ನನ್ನ ಟ್ಯೂಷನ್‌ಗೆ ಸೈಕಲ್ಲಲ್ಲೇ ಬರೋದು" ಅಂದರು. ಪೋಸ್ಟರ್ ಉಳಿಯಿತು. ಅವರು ಒಪ್ಪಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಈಗಲೂ ನನ್ನ ಹಿಂದೆ ಬಂದರೆ ಹಾರನ್ ಹೊಡೆಯುತ್ತಾರೆ, ಸ್ವಲ್ಪ ಮೆಲ್ಲಗೆ.

ಇಷ್ಟೆಲ್ಲ ಮಾಡಿದರೂ ಬರೀ ಪೋಸ್ಟರ್ ನೋಡಿ ಸೈಕಲ್ ಹತ್ತಿದವರು ಬಹಳ ಕಡಿಮೆ. ಕೆಲಸ ಮಾಡಿದ್ದು ಅದರ ಕೊನೆಯ ಸಾಲು. 'ಭಾನುವಾರ ಬೆಳಗ್ಗೆ 7ಕ್ಕೆ ಪಾರ್ಕ್ ಗೇಟಿನ ಹತ್ತಿರ ಬನ್ನಿ. ಜೊತೆಗೆ ಹೋಗೋಣ.' ತಮಿಳುನಾಡಿನ ಪುದುಕ್ಕೋಟೈಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಿದರು. ಆಗ ಅಲ್ಲಿ ಶೀಲಾ ರಾಣಿ ಚುಂಕತ್ ಜಿಲ್ಲಾಧಿಕಾರಿ. ಸಾವಿರಾರು ಹಳ್ಳಿ ಹೆಂಗಸರು ಸೀರೆಯಲ್ಲೇ ಸೈಕಲ್ ಕಲಿತು, ಕೆಲಸಕ್ಕೆ, ನೀರಿಗೆ, ಸಂತೆಗೆ ಹೊರಟರು. ಒಬ್ಬೊಬ್ಬಳೇ ಕಲಿತಿದ್ದರೆ ಊರು ಆಡಿಕೊಂಡು ಸಾಯಿಸುತ್ತಿತ್ತು. ಎಲ್ಲರೂ ಒಟ್ಟಿಗೆ ಬೀದಿಗೆ ಬಂದಾಗ ಆಡಿಕೊಳ್ಳುವವರಿಗೇ ಸುಸ್ತಾಯಿತು.

ನಮ್ಮ ಭಾನುವಾರಕ್ಕೆ ನಾಗಮಂಗಲದವಳೂ ಬಂದಳು, ಅಂಗಡಿ ಮಾಲೀಕರ ಮಗಳ ಸೈಕಲ್ ತಂದಿದ್ದಳು. ಸೀಟು ತೀರಾ ಕೆಳಗಿತ್ತು, ಮಂಡಿ ಹ್ಯಾಂಡಲ್‌ಗೆ ತಾಗುತ್ತಿತ್ತು. ಸೀಟ್ ಎತ್ತಿಸಿ, ಕ್ರಾಸುಗಳಲ್ಲಿ ಒಂದು ಸುತ್ತು ಹೊಡೆಸಿದೆವು. ಓಡಿಸುವುದರಲ್ಲಿ ನಮಗಿಂತ ಚುರುಕು. ಕಷ್ಟ ಇದ್ದದ್ದು ಬಲಕ್ಕೆ ತಿರುಗುವುದು ಒಂದರಲ್ಲೇ. ಊರಿನಲ್ಲಿ ಬಲ, ಎಡ ಅಂತ ಲೆಕ್ಕ ಇರಲಿಲ್ಲ. ಅವಳಿಗೆ ಹೇಳಿಕೊಟ್ಟದ್ದು ಇಷ್ಟೇ. ತಿರುಗುವುದಕ್ಕೆ ಬಹಳ ಮುಂಚೆಯೇ ಬಲ ಭುಜದ ಮೇಲಿಂದ ಹಿಂದಕ್ಕೆ ನೋಡು. ಕನ್ನಡಿ ಇದ್ದರೂ ಕತ್ತು ತಿರುಗಿಸಿಯೇ ನೋಡು. ನೀನು ನೋಡಿದ್ದು ಹಿಂದಿನವನಿಗೆ ಕಾಣಬೇಕು. ಮುಖ ಕಂಡ ಕೂಡಲೇ ಬಹಳ ಜನ ಕಾಲನ್ನು ಬ್ರೇಕಿನ ಮೇಲೆ ಇಡುತ್ತಾರೆ. ಆಮೇಲೆ ಕೈ ಪೂರ್ತಿ ಚಾಚು, ಸೊಂಟದ ಹತ್ತಿರ ಎರಡು ಬೆರಳು ಆಡಿಸುವುದಲ್ಲ. ಅಷ್ಟಾದ ಮೇಲೂ ಜಾಗ ಬಿಡಲಿಲ್ಲವೋ, ನೇರವಾಗಿ ಸಿಗ್ನಲ್ ದಾಟಿ, ಆ ಕಡೆ ನಿಂತು, ಅಲ್ಲಿಂದ ಬಲಕ್ಕೆ ಹೋಗು. ಇಲ್ಲವೇ ಇಳಿದು ತಳ್ಳಿಕೊಂಡು ಹೋಗು, ಮರ್ಯಾದೆ ಏನೂ ಹೋಗಲ್ಲ. ಎದುರಿನ ಮನೆಯ ಆಂಟಿ, ಅರವತ್ತು ದಾಟಿದವರು, ಇಡೀ ಬೆಳಗ್ಗೆ ಈ ಹಿಂದೆ ನೋಡುವುದನ್ನೇ ಅಭ್ಯಾಸ ಮಾಡಿದರು. ಮೊದಲು ತಲೆ ತಿರುಗಿಸಿದರೆ ಹ್ಯಾಂಡಲ್ಲೂ ತಿರುಗುತ್ತಿತ್ತು, ನಮ್ಮ ಜೀವ ಬಾಯಿಗೆ ಬರುತ್ತಿತ್ತು.

ಟೈಲರಿಂಗ್ ಅಂಗಡಿಯವಳು ಈಗ ಕೆಲಸಕ್ಕೆ ಸೈಕಲ್‌ನಲ್ಲಿ ಬರುತ್ತಾಳೆ. ಮಳೆ ಇದ್ದರೆ, ರಾತ್ರಿ ತಡವಾದರೆ ಆಟೋ. ಮುಖ್ಯರಸ್ತೆಯ ಒಂದು ತುಂಡಿನಲ್ಲಿ ಮಾತ್ರ ಇಳಿದು ಫುಟ್‌ಪಾತ್ ಮೇಲೆ ತಳ್ಳುತ್ತಾಳೆ. ಅಲ್ಲಿ ಅವಳು ಮಾಡುವುದು ಸರಿ ಅಂತಲೇ ನನ್ನ ಅಭಿಪ್ರಾಯ. ಆ ತುಂಡಿಗೆ ಪೋಸ್ಟರ್ ಮದ್ದಲ್ಲ, ಪಥ ಬೇಕು.

ಈ ಪಥದ ವಿಷಯದಲ್ಲಿ ನನಗೆ ಸಿಟ್ಟಿದೆ. ಜಯನಗರದ ಸೈಕಲ್ ಪಥಗಳು ಬೇಗನೇ ಕಾರು ನಿಲ್ಲಿಸುವ ಜಾಗವಾದವು. ಕೋವಿಡ್ ಸಮಯದಲ್ಲಿ, 2020ರಲ್ಲಿ, ಹೊರವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ತಾತ್ಕಾಲಿಕ ಪಥ ಮಾಡಿದರು. ಬೈಕುಗಳು ನುಗ್ಗಿದವು, ಕಂಬಗಳು ಮುರಿದವು, ಕೊನೆಗೆ ಮೆಟ್ರೋ ಕಾಮಗಾರಿ ಬಂತು. ಮೈಸೂರಿನವರು ಇದರಲ್ಲಿ ಸ್ವಲ್ಪ ಪುಣ್ಯವಂತರು. ಅಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್, 450 ಸೈಕಲ್‌ಗಳೊಂದಿಗೆ ಊರಿನ ತುಂಬ ನಿಲ್ದಾಣ ಮಾಡಿಕೊಂಡು ಓಡಾಡಿತು. ಊರು ಚಿಕ್ಕದು, ರಸ್ತೆ ಅಗಲ, ವೇಗ ಕಡಿಮೆ. ಹಾಲೆಂಡ್ ಅಂದರೆ ಎಲ್ಲರೂ ಹುಟ್ಟಿದಾಗಿನಿಂದ ಸೈಕಲ್ ಮೇಲೇ ಇದ್ದರು ಅಂದುಕೊಳ್ಳುತ್ತೇವೆ. ಅಲ್ಲೂ 1971ರಲ್ಲಿ ರಸ್ತೆ ಅಪಘಾತದಲ್ಲಿ ಸುಮಾರು 3,300 ಜನ ಸತ್ತಿದ್ದರು, ಅದರಲ್ಲಿ ಮಕ್ಕಳೇ 400ಕ್ಕಿಂತ ಹೆಚ್ಚು. 'ಮಕ್ಕಳ ಕೊಲೆ ನಿಲ್ಲಿಸಿ' ಅಂತಲೇ ಹೆಸರಿಟ್ಟುಕೊಂಡು ಅಪ್ಪ ಅಮ್ಮಂದಿರು ಬೀದಿಗಿಳಿದರು, ರಸ್ತೆಗಳನ್ನೇ ಬದಲಿಸಿ ಅಂತ ಸರ್ಕಾರದ ಬೆನ್ನು ಬಿದ್ದರು. ನಮ್ಮ ಗುಂಪಿನಲ್ಲಿ ಈ ಮಾತು ಆಗಾಗ ಬರುತ್ತದೆ. ನಾವು ಜನರಿಗೆ ಜಾಗ ಹಿಡಿದು ಓಡಿಸಲು ಕಲಿಸುತ್ತಾ ಹೋದರೆ, ಪಥ ಮಾಡಬೇಕಾದವರಿಗೆ 'ಹೇಗೂ ಓಡಿಸ್ತಿದ್ದಾರಲ್ಲ' ಅನ್ನುವ ನೆಪ ಸಿಗಲ್ವಾ ಅಂತ ಮೇಷ್ಟ್ರು ಕೇಳುತ್ತಾರೆ. ನನ್ನ ಉತ್ತರ ಏನೆಂದರೆ, ರಸ್ತೆಯಲ್ಲಿ ಸೈಕಲ್ಲೇ ಕಾಣದಿದ್ದರೆ 'ಯಾರಿಗೆ ಬೇಕು ಪಥ' ಅಂತಾರೆ. ಆ ನೆಪ ಇದಕ್ಕಿಂತ ಸುಲಭ. ಮೇಷ್ಟ್ರು ಪೂರ್ತಿ ಒಪ್ಪಿಲ್ಲ. ಆದರೂ ವಾರ್ಡ್ ಕಚೇರಿಗೆ ಜಾಲರಿಗಳ ಬಗ್ಗೆ ಅರ್ಜಿ ಬರೆದವರು ಅವರೇ. ಕಂಬಿಗಳನ್ನು ರಸ್ತೆಗೆ ಅಡ್ಡವಾಗಿ ಬರುವ ಹಾಗೆ ತಿರುಗಿಸಿ ಹಾಕಿಕೊಡಿ, ಅಷ್ಟು ಸಾಕು ಅಂತ, ಚಿತ್ರ ಸಮೇತ.

ಮುಂದಿನ ಪೋಸ್ಟರ್ ಬಸ್ಸಿನ ಬಗ್ಗೆ. ಸ್ಟಾಪಿಗೆ ಎಡಕ್ಕೆ ಒತ್ತಿ ಬರುತ್ತಿರುವ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಸೈಕಲ್ ತೂರಿಸಬೇಡಿ, ಡ್ರೈವರ್ ಬಲಗಡೆ ಕೂತಿರುತ್ತಾರೆ, ಎಡಗಡೆ ಹಿಂದಿನ ಭಾಗ ಅವರಿಗೆ ಕಾಣಲ್ಲ, ಹಿಂದೆಯೇ ನಿಂತು ಜನ ಇಳಿಯುವ ತನಕ ಕಾಯಿರಿ. ಇದನ್ನು ನಾಲ್ಕೈದು ಪದದಲ್ಲಿ ಹೇಳಬೇಕು. ಇಂಜಿನಿಯರಿಂಗ್ ಹುಡುಗ 'ಬಸ್ಸಿಗೆ ಎಡಗಣ್ಣಿಲ್ಲ' ಅಂತ ಬರೆದುಕೊಂಡು ಬಂದಿದ್ದಾನೆ. ಟ್ಯೂಷನ್ ಮೇಡಂಗೆ ಇಷ್ಟ ಆಗಿದೆ, ಮೇಷ್ಟ್ರಿಗೆ ಇಲ್ಲ. ಡಿಪೋದಲ್ಲಿ ಕೆಲಸ ಮಾಡುವ ಒಬ್ಬ ಡ್ರೈವರ್ ನಮ್ಮ ಹಿಂದಿನ ಕ್ರಾಸಿನಲ್ಲೇ ಇದ್ದಾರೆ, ಅವರಿಗೆ ತೋರಿಸಿ ಕೇಳೋಣ ಅಂತ ಸದ್ಯಕ್ಕೆ ನಿಲ್ಲಿಸಿದ್ದೇವೆ.